ಆಟದ ದಿನದ ಬಾವುಟ

ಕೊಟ್ಟೂರಿನ ತೇರು ನೋಡದವರು ನಮ್ಮಲ್ಲಿ ಯಾರಿದ್ದಾರೆ? ತೇರು ಅಂದ ಮೇಲೆ ಬಾವುಟ ಇರಲೇಬೇಕು. ಪಕ್ಕದ ಚಳ್ಳಕೆರೆ ತಾಲೂಕಿನ ನಾಯಕನಹಟ್ಟಿ ಜಾತ್ರೆಯಲ್ಲಿ ತಿಪ್ಪೇಸ್ವಾಮಿಯ ಮುಕ್ತಿ ಬಾವುಟವನ್ನು ಹರಾಜು ಹಾಕುತ್ತಾರೆ. ಲಕ್ಷಗಟ್ಟಲೆ ರೂಪಾಯಿಗೆ ಕೂಗುತ್ತಾರೆ. ಆ ಬಟ್ಟೆಗೆ ಅಂಗಡಿಯಲ್ಲಿ ಅಷ್ಟು ಬೆಲೆ ಇದೆಯಾ? ಇಲ್ಲ. ಆದರೂ ಕೂಗುತ್ತಾರೆ.

ಈಗ ಇನ್ನೊಂದು ಬಾವುಟದ ವಿಷಯ ಮಾತಾಡೋಣ. ಟಿ.ವಿ.ಯಲ್ಲಿ ಆಟ ಬರುವ ದಿನ ಮಕ್ಕಳು ಕೈಯಲ್ಲಿ ಹಿಡಿಯುವ ಬಾವುಟ. ಹಗರಿಬೊಮ್ಮನಹಳ್ಳಿ ಇರಲಿ, ಹರಪನಹಳ್ಳಿ ಇರಲಿ, ದೊಡ್ಡ ಆಟದ ದಿನ ಬೈಕಿಗೆ ಬಾವುಟ ಕಟ್ಟಿಕೊಂಡು ಹೋಗುವ ಹುಡುಗರು ಕಾಣುತ್ತಾರೆ. ನಮ್ಮ ಕಡೆ ಇದು ಹೆಚ್ಚಾಗಿ ಕ್ರಿಕೆಟ್ ಆಟಕ್ಕೆ. 2025ರ ನವೆಂಬರ್ 2ರಂದು ನಮ್ಮ ದೇಶದ ಹೆಣ್ಣುಮಕ್ಕಳು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿದರು. ಮೊದಲ ಸಲ ವಿಶ್ವಕಪ್ ತಂದರು. ಆವತ್ತು ಮೈದಾನದ ತುಂಬ ತ್ರಿವರ್ಣ ಧ್ವಜ.

ಕಾಲ್ಚೆಂಡಿನ ಆಟಕ್ಕೂ ಹೀಗೇ. ಅದನ್ನೇ ಫುಟ್‌ಬಾಲ್ ಅನ್ನುತ್ತಾರೆ. 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಮತ್ತು ಕುವೈತ್ ದೇಶಗಳ ನಡುವೆ ಕೊನೆಯ ಪಂದ್ಯ ನಡೆಯಿತು. ಎರಡೂ ತಂಡ ಒಂದೊಂದು ಗೋಲು ಹೊಡೆದವು. ಆಮೇಲೆ ಪೆನಾಲ್ಟಿ ಒದೆತದಲ್ಲಿ ಭಾರತ ಗೆದ್ದಿತು. ಸುನಿಲ್ ಚೆಟ್ರಿ ಆಗ ನಾಯಕ. 2025ರ ಜುಲೈ 5ರಂದು ನಮ್ಮ ಮಹಿಳಾ ಫುಟ್‌ಬಾಲ್ ತಂಡ ಥಾಯ್ಲೆಂಡಿಗೆ ಹೋಗಿ ಅವರನ್ನೇ 2-1ರಿಂದ ಸೋಲಿಸಿತು. ಏಷ್ಯಾ ಕಪ್ಪಿಗೆ ಅರ್ಹತೆ ಪಡೆಯಿತು. ಕ್ರಿಕೆಟ್ಟಿನಷ್ಟು ಈ ಸುದ್ದಿ ಹಬ್ಬಲಿಲ್ಲ. ಹಬ್ಬಬೇಕಿತ್ತು ಅಂತ ನಮಗೆ ಅನಿಸುತ್ತದೆ.

ಇಲ್ಲಿ ಒಂದು ತಮಾಷೆ ಇದೆ ನೋಡಿ. ಪುರುಷರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಭಾರತ ಇದುವರೆಗೆ ಆಡಿಲ್ಲ. ಹಾಗಾದರೆ ಆಟ ಇಷ್ಟಪಡುವವರು ಯಾರ ಬಾವುಟ ಹಿಡಿಯಬೇಕು? ಬೇರೆ ದೇಶದ್ದನ್ನೇ ಹಿಡಿಯುತ್ತಾರೆ! ಬೆಂಗಳೂರಿನ ಹಲಸೂರಿನ ಹತ್ತಿರ ಗೌತಮಪುರ ಅಂತ ಒಂದು ಬಡಾವಣೆ ಇದೆ. ಅಲ್ಲಿನ ಜನಕ್ಕೆ ಬ್ರೆಜಿಲ್ ತಂಡ ಅಂದರೆ ಪ್ರಾಣ. ಬ್ರೆಜಿಲಿನ ದೊಡ್ಡ ಆಟಗಾರ ಪೆಲೆ ಅವರ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ವಿಶ್ವಕಪ್ ಬಂದರೆ ಬೀದಿಯೆಲ್ಲ ಹಸಿರು, ಹಳದಿ. ಕಾಸರಗೋಡಿನ ಕಡೆ ನಮ್ಮ ಕನ್ನಡದವರು ಬಹಳ ಇದ್ದಾರೆ. ಆ ಕೇರಳ ಸೀಮೆಯಲ್ಲಂತೂ ಅರ್ಜೆಂಟೀನಾ, ಬ್ರೆಜಿಲ್, ಪೋರ್ಚುಗಲ್ ಅಂತ ಒಂದೊಂದು ಓಣಿ ಒಂದೊಂದು ದೇಶ ಹಿಡಿಯುತ್ತದೆ. ಕಂಬಕ್ಕೆ, ಮಾಳಿಗೆಗೆ, ಮರಕ್ಕೆ ಬಾವುಟ.

ಅಲ್ಲೇ ಒಂದು ಘಟನೆ ನಡೆಯಿತು. 2022ರ ನವೆಂಬರ್‌ನಲ್ಲಿ ಕಣ್ಣೂರು ಜಿಲ್ಲೆಯ ಪಾನೂರಿನಲ್ಲಿ ಹುಡುಗರು ಪೋರ್ಚುಗಲ್ ಬಾವುಟ ಕಟ್ಟಿದ್ದರು. ಅದರ ಬಣ್ಣ ಕೆಂಪು, ಹಸಿರು. ಒಬ್ಬಾತ ಬಂದು ಅದನ್ನು ಹರಿದು ಹಾಕಿದ. ಯಾಕೆ? ಅದು ತನಗೆ ಆಗದ ಒಂದು ರಾಜಕೀಯ ಪಕ್ಷದ ಬಾವುಟ ಅಂತ ತಿಳಿದುಕೊಂಡಿದ್ದ! ಬಾವುಟ ಓದಲು ಬಾರದಿದ್ದರೆ ಹೀಗೂ ಜಗಳ ಆಗುತ್ತದೆ. ಬಾವುಟವೂ ಒಂದು ಅಕ್ಷರ ಇದ್ದ ಹಾಗೆ.

ಜರ್ಮನಿ ಎಂಬ ದೇಶದ ಕತೆ ಬೇರೆ. ಎರಡನೇ ಮಹಾಯುದ್ಧದಲ್ಲಿ ಆ ದೇಶದ ಸರ್ಕಾರ ಮಾಡಿದ ಘೋರ ಕೃತ್ಯಗಳಿಂದ ಅಲ್ಲಿನ ಜನ ಎಷ್ಟೋ ವರ್ಷ ತಮ್ಮ ಬಾವುಟ ತೋರಿಸಲು ಹಿಂಜರಿಯುತ್ತಿದ್ದರು. 2006ರಲ್ಲಿ ವಿಶ್ವಕಪ್ ಅಲ್ಲೇ ನಡೆಯಿತು. ಆಗ ಮನೆಮನೆಗೆ, ಕಾರು ಕಾರಿಗೆ ಬಾವುಟ ಬಂತು. ಎದೆಯೊಳಗಿನ ಭಾರ ಇಳಿಸಲು ಆಟ ನೆಪವಾಯಿತು.

ನಮ್ಮ ದೇಶದಲ್ಲಿ ಏನಿದೆ? ನಮ್ಮ ಬಾವುಟಕ್ಕೆ ಕಾನೂನು ಇದೆ. 2002ಕ್ಕೆ ಮೊದಲು ನಮ್ಮ ನಿಮ್ಮಂಥವರು ಆಗಸ್ಟ್ 15, ಜನವರಿ 26ರಂಥ ದಿನ ಬಿಟ್ಟರೆ ಮನೆ ಮೇಲೆ ರಾಷ್ಟ್ರಧ್ವಜ ಹಾರಿಸುವ ಹಾಗಿರಲಿಲ್ಲ. 2002ರ ಜನವರಿ 26ರಿಂದ ಹೊಸ ಧ್ವಜ ಸಂಹಿತೆ ಬಂತು. ಈಗ ಯಾವ ದಿನ ಬೇಕಾದರೂ ಹಾರಿಸಬಹುದು. 2022ರಿಂದ ರಾತ್ರಿಯೂ ಇರಬಹುದು.

ಹಾಗಂತ ಹೇಗೆ ಬೇಕೋ ಹಾಗೆ ಅಲ್ಲ. ಆಟದ ದಿನ ಹುಡುಗರು ಹೆಚ್ಚಾಗಿ ತಪ್ಪುವುದು ಎಲ್ಲಿ ಗೊತ್ತಾ? ಬಾವುಟದ ಮೇಲೆ 'ಇಂಡಿಯಾ' ಅಂತಲೋ, ಊರ ಹೆಸರೋ, ತಮ್ಮ ಹೆಸರೋ ಬರೆಯುತ್ತಾರೆ. ಪ್ರೀತಿಯಿಂದಲೇ ಬರೆಯುತ್ತಾರೆ. ಆದರೆ ರಾಷ್ಟ್ರಧ್ವಜದ ಮೇಲೆ ಏನನ್ನೂ ಬರೆಯಬಾರದು. ಬೈಕು, ಕಾರು, ಟ್ರ್ಯಾಕ್ಟರಿಗೆ ಹೊದಿಸಬಾರದು. ಕಾರಿಗೆ ಬಾವುಟ ಕಟ್ಟಿ ಹಾರಿಸುವ ಹಕ್ಕು ರಾಷ್ಟ್ರಪತಿ, ಪ್ರಧಾನಿ, ಮಂತ್ರಿಗಳಂಥ ಕೆಲವರಿಗೆ ಮಾತ್ರ. ಸೊಂಟದ ಕೆಳಗೆ ಸುತ್ತಿಕೊಳ್ಳಬಾರದು. ಬೇಕಂತಲೇ ನೆಲಕ್ಕೆ ತಾಗಿಸಬಾರದು. ಕೇಸರಿ ಮೇಲೇ ಇರಬೇಕು. 1971ರ ಕಾನೂನಿನ ಪ್ರಕಾರ ರಾಷ್ಟ್ರಧ್ವಜಕ್ಕೆ ಅವಮಾನ ಮಾಡಿದರೆ 3 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮನೆಯಲ್ಲಿ ಬೆಳೆದ ಹುಡುಗರಿದ್ದರೆ ಇದನ್ನು ಒಂದು ಮಾತು ಹೇಳಿ. ತಾಯಿ ಹೇಳಿದರೆ ಕೇಳುತ್ತಾರೆ. ಕೇಳದಿದ್ದರೆ ಇನ್ನೊಂದು ಸಲ ಹೇಳಿ!

ಆಟ ನೋಡುವವರಿಗೆ ಸಂಹಿತೆ ಒಂದು ಅನುಕೂಲವನ್ನೂ ಕೊಟ್ಟಿದೆ. ಕ್ರೀಡೆಯ ದೊಡ್ಡ ಸಂದರ್ಭಗಳಲ್ಲಿ ಜನ ಕಾಗದದ ಬಾವುಟ ಬೀಸಬಹುದು. ಆದರೆ ಆಟ ಮುಗಿದ ಮೇಲೆ ಅದನ್ನು ನೆಲಕ್ಕೆ ಎಸೆಯಬಾರದು. ಮರುದಿನ ಬೆಳಿಗ್ಗೆ ಚರಂಡಿಯಲ್ಲಿ ಬಿದ್ದ ಬಾವುಟ ನೀವೂ ನೋಡಿರಬೇಕು. ಕಸ ಗುಡಿಸುವವರು ಯಾರು? ಹೆಚ್ಚಾಗಿ ನಾವೇ, ಹೆಂಗಸರೇ.

ಬಾವುಟ ಮಾಡುವವರೂ ಹೆಚ್ಚಾಗಿ ಹೆಂಗಸರೇ. ಹೂವಿನಹಡಗಲಿಯಿಂದ ಮುಂಡರಗಿ, ಗದಗ ದಾಟಿದರೆ ಹುಬ್ಬಳ್ಳಿ. ಅಲ್ಲಿ ಬೆಂಗೇರಿ ಅಂತ ಇದೆ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. 1957ರ ನವೆಂಬರ್‌ನಲ್ಲಿ ಶುರುವಾಯಿತು. ದೇಶದ ಬೇರೆ ಬೇರೆ ಕಡೆಯ ಸರ್ಕಾರಿ ಕಟ್ಟಡಗಳ ಮೇಲೆ ಇಲ್ಲಿಯ ಧ್ವಜ ಹಾರಿದೆ. ಹಳ್ಳಿಗಳಲ್ಲಿ ನೂಲು ತೆಗೆಯುತ್ತಾರೆ, ನೇಯುತ್ತಾರೆ. ಬಾಗಲಕೋಟೆ ಕಡೆಯ ತುಳಸಿಗೇರಿ ಈ ಬಟ್ಟೆಗೆ ಹೆಸರಾದ ಊರು. ಆಮೇಲೆ ಬಟ್ಟೆಗೆ ಬಣ್ಣ ಹಾಕುವುದು, ಕತ್ತರಿಸುವುದು, ಬಿಳಿ ಪಟ್ಟಿಯ ಎರಡೂ ಕಡೆ ಚಕ್ರ ಅಚ್ಚು ಹಾಕುವುದು, ಹೊಲಿಯುವುದು, ಹಗ್ಗ ಕಟ್ಟುವುದು. ಒಂದು ಕಡೆಯ ಚಕ್ರ ಇನ್ನೊಂದು ಕಡೆಯ ಚಕ್ರದ ಮೇಲೆ ಸರಿಯಾಗಿ ಕೂಡಬೇಕು. ಚಕ್ರಕ್ಕೆ 24 ಅರೆ. ಅಳತೆ ತಪ್ಪಿದರೆ, ಬಣ್ಣ ತಪ್ಪಿದರೆ ಆ ಬಾವುಟ ಪರೀಕ್ಷೆಯಲ್ಲಿ ಬಿದ್ದುಹೋಗುತ್ತದೆ.

2021ರ ಡಿಸೆಂಬರ್ 30ರಂದು ಸರ್ಕಾರ ಸಂಹಿತೆ ಬದಲಾಯಿಸಿತು. ಪಾಲಿಯೆಸ್ಟರ್ ಬಟ್ಟೆಯ, ಯಂತ್ರದಲ್ಲಿ ಮಾಡಿದ ಬಾವುಟವೂ ಆಗುತ್ತದೆ ಅಂದಿತು. 2022ರ ಆಗಸ್ಟ್‌ನಲ್ಲಿ ಅಂಚೆ ಕಚೇರಿಯಲ್ಲಿ 25 ರೂಪಾಯಿಗೆ ಒಂದು ಬಾವುಟ ಸಿಕ್ಕಿತು. ಬಡವರ ಮನೆಗೂ ಬಾವುಟ ಬಂತು. ಅದು ಒಳ್ಳೆಯದೇ. ಆದರೆ ಬೆಂಗೇರಿಗೆ ಬರುವ ಬೇಡಿಕೆ ಇಳಿಯಿತು. ಕೈಕೆಲಸದ ಹೆಂಗಸರ ಕೂಲಿಗೆ ಪೆಟ್ಟು ಬಿತ್ತು. ಸಂಘದವರು ಪ್ರತಿಭಟನೆಯನ್ನೂ ಮಾಡಿದರು. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇಟ್ಟ ಸ್ಮಾರಕ ಇದೆಯಲ್ಲ, ಆ ಗಾಂಧೀಜಿ ಚರಕ ಹಿಡಿಸಿದ್ದೇ ಹಳ್ಳಿಯ ಹೆಂಗಸಿನ ಕೈಗೆ ಕೆಲಸ ಸಿಗಲಿ ಅಂತ. ಅಗ್ಗದ ಬಾವುಟವೂ ಬೇಕು, ನೂಲುವ ಕೈಗೆ ಕೂಲಿಯೂ ಬೇಕು. ಎರಡನ್ನೂ ಹೇಗೆ ಕೂಡಿಸುವುದು? ನಿಮ್ಮ ಸಂಘದಲ್ಲಿ ಮಾತಾಡಿ ನೋಡಿ. ಪಂಚಾಯಿತಿಗೆ, ಶಾಲೆಗೆ ಖಾದಿ ಧ್ವಜವನ್ನೇ ತರಿಸಿ ಅಂತ ಕೇಳಬಹುದು. ಅದಕ್ಕೆ ಒಂದು ಅರ್ಜಿ ಸಾಕು. ಅರ್ಜಿ ಬರೆಯಲು ಈಗ ನಮಗೆ ಬರುತ್ತದೆ.

ಹೊಲಿಗೆ ಯಂತ್ರ ಇದ್ದವರು ಮನೆಯ ಮಟ್ಟಿಗೆ ಬಾವುಟ ಹೊಲಿಯಬಹುದು. ಲೆಕ್ಕ ಸುಲಭ. ಉದ್ದ 3 ಪಾಲು, ಅಗಲ 2 ಪಾಲು. ಉದ್ದ 90 ಸೆಂಟಿಮೀಟರ್ ಇದ್ದರೆ ಅಗಲ 60. ಆ 60ರಲ್ಲಿ ಮೂರು ಪಟ್ಟಿ. ಒಂದೊಂದು ಪಟ್ಟಿ 20 ಸೆಂಟಿಮೀಟರ್. ಕತ್ತರಿಸುವಾಗ ಹೊಲಿಗೆಗೆ ಸ್ವಲ್ಪ ಬಟ್ಟೆ ಹೆಚ್ಚು ಬಿಡಿ. ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು. ಬಿಳಿಯ ನಡುವೆ ಕಡುನೀಲಿ ಚಕ್ರ. ಅರೆಗಳನ್ನು ಎಣಿಸಿ: 24. ಮುಂದೆ ಎಂದಾದರೂ ಬಾವುಟ ಹರಿದರೆ ಒರೆಸುವ ಬಟ್ಟೆ ಮಾಡಬೇಡಿ. ಯಾರೂ ಇಲ್ಲದ ಕಡೆ, ಗೌರವದಿಂದ, ಇಡಿಯಾಗಿ ಸುಟ್ಟುಬಿಡಿ.