ಆಕಾಶ ಬದಲಿಸುವ ಮುನ್ನ ದಿಕ್ಕು ನೋಡಿ

ಕಳೆದ ಜುಲೈನಲ್ಲಿ ಅಪ್ಪ ಅಮ್ಮ ಊರಿನಿಂದ ಪರ್ತ್‌ಗೆ ಬಂದಿದ್ದರು. ಕಿಂಗ್ಸ್ ಪಾರ್ಕಿಗೆ ಕರೆದೊಯ್ದು, ಕೆಳಗೆ ಸ್ವಾನ್ ನದಿ, ಹಿಂದೆ ನಗರದ ಎತ್ತರದ ಕಟ್ಟಡಗಳು ಬರುವಂತೆ ನಿಲ್ಲಿಸಿ ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಮುಖಗಳೇನೋ ಚೆನ್ನಾಗಿವೆ, ಆಕಾಶ ಮಾತ್ರ ಒಣಹಾಕಿದ ಬಿಳಿ ಪಂಚೆಯಂತಿದೆ!

ಇದು ನಮಗೆಲ್ಲ ಪರಿಚಿತ ತೊಂದರೆ. ಪರ್ತ್ ಮತ್ತು ಅಡಿಲೇಡ್‌ಗಳಲ್ಲಿ ಮಳೆ ಚಳಿಗಾಲದಲ್ಲಿ, ಬ್ರಿಸ್ಬೇನ್‌ನಲ್ಲಿ ಬೇಸಿಗೆಯಲ್ಲಿ. ಮೋಡ ಕವಿದಿದ್ದರೂ ಆಕಾಶ ನೆಲಕ್ಕಿಂತ ಬಹಳ ಬೆಳಕಾಗಿರುತ್ತದೆ. ಕ್ಯಾಮೆರಾ ಮುಖಕ್ಕೆ ಬೇಕಾದಷ್ಟು ಬೆಳಕು ಹಿಡಿಯುವಷ್ಟರಲ್ಲಿ ಆಕಾಶ ಬೆಳ್ಳಗಾಗಿಬಿಡುತ್ತದೆ.

ಆಕಾಶ ಬದಲಿಸುವುದು ಹೊಸ ವಿದ್ಯೆಯೇನಲ್ಲ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮುದ್ರಿಸುತ್ತಿದ್ದ. ಆಸ್ಟ್ರೇಲಿಯಾದ ಫ್ರಾಂಕ್ ಹರ್ಲಿ ಮೊದಲ ಮಹಾಯುದ್ಧದ ಚಿತ್ರಗಳಲ್ಲಿ ಹಲವು ನೆಗೆಟಿವ್‌ಗಳನ್ನು ಜೋಡಿಸಿದಾಗ, ಇತಿಹಾಸಕಾರ ಚಾರ್ಲ್ಸ್ ಬೀನ್ ಅವು ನಕಲಿ ಎಂದು 1917ರಲ್ಲಿ ಜಗಳವನ್ನೇ ಆಡಿದ್ದರು.

ಈಗ ಕೆಲಸ ಸುಲಭ. ಫೋಟೋಶಾಪ್‌ನಲ್ಲಿ 2020ರಿಂದ ಆಕಾಶ ಬದಲಿಸಲೆಂದೇ ಒಂದು ಸೌಲಭ್ಯವಿದೆ. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ ಕೈಯಾರೆ ಹೀಗೆ ಮಾಡಬಹುದು:

1. ನಿಮ್ಮ ಫೋಟೋ ಮೇಲಿನ ಪದರದಲ್ಲಿ, ಒಳ್ಳೆಯ ಆಕಾಶವಿರುವ ಇನ್ನೊಂದು ಫೋಟೋ ಕೆಳಗಿನ ಪದರದಲ್ಲಿ ಇರಲಿ.

2. ಮೇಲಿನ ಫೋಟೋದ ಬಿಳಿ ಆಕಾಶವನ್ನು ಬಣ್ಣದ ಆಧಾರದ ಮೇಲೆ ಆಯ್ಕೆ ಮಾಡಿ. ಮರದ ಎಲೆಗಳ ಸಂದಿಯ ಆಕಾಶವೂ ಇದರಲ್ಲಿ ಸಿಗುತ್ತದೆ. ಅಂಚನ್ನು ಒಂದೆರಡು ಪಿಕ್ಸೆಲ್‌ನಷ್ಟು ಮೃದು ಮಾಡಿ.

3. ಆ ಪದರಕ್ಕೆ ಮಾಸ್ಕ್ ಹಾಕಿ, ಆಯ್ದ ಜಾಗಕ್ಕೆ ಕಪ್ಪು ತುಂಬಿ. ಕಪ್ಪು ಇದ್ದಲ್ಲಿ ಕೆಳಗಿನ ಆಕಾಶ ಕಾಣುತ್ತದೆ. ಬಿಳಿ ಬಳಿದರೆ ಮೊದಲಿನದೇ ವಾಪಸ್ಸು ಬರುತ್ತದೆ. ಏನೂ ಅಳಿಸಿಹೋಗುವುದಿಲ್ಲ, ಹೆದರಬೇಡಿ. ಬಿಳಿ ಅಂಗಿಯೋ ನರೆತ ಕೂದಲೋ ಆಯ್ಕೆಯಲ್ಲಿ ಸೇರಿಬಿಟ್ಟಿದ್ದರೆ ಹೀಗೇ ಸರಿಪಡಿಸಿ.

4. ಕೊನೆಗೆ ಎರಡೂ ಪದರಗಳ ಬಣ್ಣ ಹೊಂದಿಸಿ. ಸಂಜೆಯ ಕೆಂಪು ಆಕಾಶದ ಕೆಳಗೆ ನೀಲಿಛಾಯೆಯ ಮುಖಗಳು ಒಪ್ಪುವುದಿಲ್ಲ.

ಇಷ್ಟನ್ನೂ ಮಾಡಿ, ಕಟ್ಟಡಗಳ ಹಿಂದೆ ಒಂದು ಸೊಗಸಾದ ಸೂರ್ಯಾಸ್ತ ಕೂರಿಸಿ ಹೆಮ್ಮೆಯಿಂದ ಗೆಳೆಯರಿಗೆ ಕಳಿಸಿದೆ. ಒಬ್ಬರು ತಕ್ಷಣ ಫೋನ್ ಮಾಡಿ, "ಏನ್ರೀ, ನಿಮ್ಮ ಸೂರ್ಯ ಪೂರ್ವದಲ್ಲಿ ಮುಳುಗ್ತಿದ್ದಾನಲ್ಲ!" ಎಂದರು. ಹೌದಲ್ಲ! ಕಿಂಗ್ಸ್ ಪಾರ್ಕ್ ಇರುವುದು ನಗರದ ಪಶ್ಚಿಮಕ್ಕೆ. ಅಲ್ಲಿಂದ ನಗರ ನೋಡುವಾಗ ಮುಳುಗುವ ಸೂರ್ಯ ನಮ್ಮ ಬೆನ್ನ ಹಿಂದಿರುತ್ತಾನೆ.

ಆಕಾಶ ಬದಲಿಸುವಾಗ ಈ ದಿಕ್ಕಿನ ಬಗ್ಗೆಯೂ ನಾವು ಯೋಚಿಸಬೇಕು. ಬ್ರಿಸ್ಬೇನ್‌ನ ಕಾಂಗರೂ ಪಾಯಿಂಟ್ ಬಂಡೆಗಳ ಮೇಲಿಂದ, ಅಡಿಲೇಡ್‌ನ ಮೌಂಟ್ ಲಾಫ್ಟಿಯಿಂದ ನಗರ ಕಾಣುವುದು ಪಶ್ಚಿಮದ ಕಡೆಗೆ. ಅಲ್ಲಿ ಸೂರ್ಯಾಸ್ತ ಸರಿಹೊಂದೀತು. ಪರ್ತ್‌ನ ಕಾಟೆಸ್ಲೋ, ಅಡಿಲೇಡ್‌ನ ಗ್ಲೆನೆಲ್ಗ್ ಕಡಲತೀರಗಳಲ್ಲಿ ಸೂರ್ಯ ನೀರಿನ ಕಡೆ ಮುಳುಗುತ್ತಾನೆ. ಬ್ರಿಸ್ಬೇನ್‌ನವರು ಹೋಗುವ ಗೋಲ್ಡ್ ಕೋಸ್ಟ್‌ನಲ್ಲಿ ನೀರಿನ ಕಡೆಯಿಂದ ಹುಟ್ಟುತ್ತಾನೆ. ಮಧ್ಯಾಹ್ನದ ಸೂರ್ಯ ಬೆಂಗಳೂರಿನಲ್ಲಿ ವರ್ಷದ ಹೆಚ್ಚಿನ ಕಾಲ ದಕ್ಷಿಣಕ್ಕಿದ್ದರೆ, ಈ ಮೂರೂ ಊರುಗಳಲ್ಲಿ ಸದಾ ಉತ್ತರಕ್ಕೆ.

ನೆರಳನ್ನೂ ನೋಡಿ. ಮೋಡದ ದಿನ ಮುಖದ ಮೇಲೆ ಗಾಢ ನೆರಳು ಬೀಳುವುದಿಲ್ಲ. ಅದಕ್ಕೆ ಸುಡುಬಿಸಿಲಿನ ನೀಲಿಗಿಂತ ತೆಳುಮೋಡದ ಆಕಾಶವೇ ವಾಸಿ. ಹಿಂದೆ ನೀರಿದ್ದರೆ ಅದರ ಬಣ್ಣವೂ ಹೊಸ ಆಕಾಶಕ್ಕೆ ಹೊಂದಬೇಕು.

ಈ ಪಾಠ ಕಲಿತು, ತಿಳಿನೀಲಿ ಆಕಾಶ ಹಾಕಿ ಎರಡನೇ ಸಲ ಮಾಡಿದ ಚಿತ್ರವನ್ನು ಊರಿಗೆ ಕಳಿಸಿದೆ. ಅಮ್ಮ ನೋಡಿ, "ಚೆನ್ನಾಗಿದೆ ಕಣೋ. ಆದ್ರೆ ಅವತ್ತು ಮಳೆ ಬಂತಲ್ಲ, ನಾನೂ ನಿಮ್ಮಪ್ಪನೂ ಒಂದೇ ಛತ್ರೀಲಿ ಕಾರಿನ ತನಕ ನಡೆದ್ವಿ. ಆ ಮೋಡ ಎಲ್ಲಿ ಹೋಯ್ತು?" ಎಂದರು.

ಈಗ ಎರಡೂ ಚಿತ್ರ ಇಟ್ಟುಕೊಂಡಿದ್ದೇನೆ. ಗೋಡೆಯ ಮೇಲಿರುವುದು ಮೋಡದ್ದೇ. ನೀವೂ ಆಕಾಶ ಬದಲಿಸಿ, ಖುಷಿಪಡಿ. ಆದರೆ ಮೂಲ ಪ್ರತಿಯನ್ನು ಮಾತ್ರ ಅಳಿಸಬೇಡಿ.