ವಿಶ್ವಮಾನವತೆಯ ತಾತ್ವಿಕ ನೆಲೆಗಳು: ಅನಿಕೇತನ ಮತ್ತು ಮಂಜೇಶ್ವರ

ಕನ್ನಡ ವಿಮರ್ಶೆಯಲ್ಲಿ ‘ವಿಶ್ವಮಾನವ’ ಎಂಬ ಪರಿಕಲ್ಪನೆಯು ಹೆಚ್ಚಾಗಿ ಉದಾತ್ತ ಭಾವವೊಂದರ ಹೆಸರಾಗಿ ಸ್ವೀಕೃತವಾಗಿದೆ. ರಾಜಕೀಯ ಸಿದ್ಧಾಂತದಲ್ಲಾದರೋ ವಿಶ್ವಪೌರತ್ವವು ಒಂದು ವಾದ. ಯಾರು ಯಾರಿಗೆ ಏನನ್ನು ಸಲ್ಲಿಸಬೇಕೆಂಬ ಪ್ರಶ್ನೆಗೆ ನೀಡುವ ಉತ್ತರ. ಈ ಎರಡರ ನಡುವಣ ಅಂತರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಊರು ಯಾವುದೆಂದು ಕೇಳಿದಾಗ ಗ್ರೀಸಿನ ಡಯೋಜನೀಸ್ ತಾನು ವಿಶ್ವದ ಪ್ರಜೆ ಎಂದನೆಂಬ ಐತಿಹ್ಯವಿದೆ. ಅದು ಮುಖ್ಯವಾಗಿ ನಿರಾಕರಣೆಯ ಮಾತು. ವಿವೇಚನಾಶಕ್ತಿ ಸಕಲ ಮನುಷ್ಯರಿಗೂ ಸಮಾನವೆಂಬ ತಳಹದಿಯನ್ನು ಅದಕ್ಕೆ ಒದಗಿಸಿದವರು ಸ್ಟೋಯಿಕರು. ಇಮ್ಯಾನ್ಯುಯೆಲ್ ಕಾಂಟ್ 1795ರ ಶಾಶ್ವತ ಶಾಂತಿಯ ಪ್ರಬಂಧದಲ್ಲಿ ಇದನ್ನು ಹಕ್ಕಿನ ಪರಿಭಾಷೆಗೆ ತಂದನು: ಪರದೇಶಿಯನ್ನು ಹಗೆಯೆಂದು ಕಾಣದಿರುವುದು ದಯೆಯಲ್ಲ, ಅವನ ಹಕ್ಕು, ಆದರೆ ಅದು ಭೇಟಿಯ ಹಕ್ಕೇ ಹೊರತು ನೆಲೆಸುವ ಹಕ್ಕಲ್ಲ. 1992ರಲ್ಲಿ ಥಾಮಸ್ ಪೊಗ್ಗೆ ಇದರ ಮೂರು ಅಂಶಗಳನ್ನು ಗುರುತಿಸಿದರು: ನೈತಿಕ ಕಾಳಜಿಯ ಅಂತಿಮ ಘಟಕ ವ್ಯಕ್ತಿ, ಕುಲ ಅಥವಾ ರಾಷ್ಟ್ರವಲ್ಲ; ಈ ಸ್ಥಾನ ಎಲ್ಲರಿಗೂ ಸಮಾನ; ಅದನ್ನು ಮನ್ನಿಸುವ ಹೊಣೆ ಎಲ್ಲರದು.

ಹುಟ್ಟುವ ಪ್ರತಿ ಮಗುವೂ ವಿಶ್ವಮಾನವನೇ ಎಂಬ ಕುವೆಂಪು ಅವರ ನಿಲುವು ಈ ಮೊದಲ ಅಂಶಕ್ಕೆ ಸಮೀಪವಾದುದು. ಆದರೆ ‘ಅನಿಕೇತನ’ದ ಹಾದಿ ಚೇತನದ ವಿಕಾಸದ ಹಾದಿ, ಹೊಣೆ ಯಾರದೆಂಬುದು ಅಲ್ಲಿನ ಪ್ರಶ್ನೆಯಲ್ಲ. ಮಂಜೇಶ್ವರ ಗೋವಿಂದ ಪೈಗಳದು ಮತ್ತೊಂದು ಬಗೆ. ಮನೆಮಾತು ಕೊಂಕಣಿಯಾಗಿದ್ದ ಅವರು ‘ಗೊಲ್ಗೊಥಾ’ದಲ್ಲಿ ಏಸುವಿನ, ‘ವೈಶಾಖಿ’ಯಲ್ಲಿ ಬುದ್ಧನ ಕೊನೆಯ ದಿನವನ್ನು ಕನ್ನಡದಲ್ಲಿ ಕಂಡರು. ಇಲ್ಲಿ ವಿಶ್ವವು ಊರನ್ನು ತೊರೆದು ದಕ್ಕಿದ್ದಲ್ಲ, ಊರಿನೊಳಗಿಂದ ದಕ್ಕಿದ್ದು.

1956ರಲ್ಲಿ ಆ ಊರೇ ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ನೀಡಿದ ಶಿಫಾರಸು ಜಾರಿಯಾಗಲಿಲ್ಲ. ವಿಶ್ವಮಾನವನಿಗೆ ಗಡಿಯ ಗೊಡವೆಯೇಕೆ ಎಂದು ಕೇಳುವವರುಂಟು. ಈ ಪ್ರಶ್ನೆ ತತ್ತ್ವವನ್ನು ತಲೆಕೆಳಗು ಮಾಡುತ್ತದೆ. ವ್ಯಕ್ತಿಯೇ ಅಂತಿಮ ಘಟಕವಾದರೆ, ಕಾಸರಗೋಡಿನ ಮಗು ತನ್ನ ನುಡಿಯಲ್ಲಿ ಕಲಿಯುವ ಹಕ್ಕು ರಾಜ್ಯದ ಗಡಿಯೊಡನೆ ಕೊನೆಗೊಳ್ಳಲಾರದು. 1956ರಲ್ಲೇ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸುವ ಹೊಣೆಯನ್ನು ಪ್ರತಿ ರಾಜ್ಯಕ್ಕೂ ವಹಿಸಿದೆ.

ಆ ಹೊಣೆ ಕರ್ನಾಟಕಕ್ಕೂ ಅನ್ವಯಿಸುತ್ತದೆ. ಕಾಸರಗೋಡಿನ ಕನ್ನಡದ ಮಗುವಿಗಾಗಿ ನಾವು ಕೇಳುವುದನ್ನು ಇಲ್ಲಿನ ಮಲಯಾಳ, ಉರ್ದು, ಮರಾಠಿ ನುಡಿಯ ಮಗುವಿಗೂ ಸಲ್ಲಿಸಬೇಕಾಗುತ್ತದೆ. ಭಾವವಾಗಿರುವ ವಿಶ್ವಮಾನವತೆ ವಾದವಾಗಿ ನಿಲ್ಲುವುದು ಈ ಪರಸ್ಪರತೆಯನ್ನು ಒಪ್ಪಿದಾಗ ಮಾತ್ರ.