ದಿನಕ್ಕೆ ಹತ್ತು ಪದ

ಕಾವೇರಿ ದಡದ ಮುತ್ತತ್ತಿಯಲ್ಲಿ ಹೊಳೆಗೆ ಇಳಿಯುವವರಿಗೆ ಹಿರಿಯರ ಎಚ್ಚರಿಕೆ ಒಂದೇ: ಸುಳಿ ಇದೆ, ಹುಷಾರು. ಅದೇ ಹಿರಿಯರು ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಮೈಮೇಲಿನ ಸುಳಿ ಹುಡುಕುತ್ತಾರೆ. ಬಾಳೆಯ ಸುಳಿ ಬಾಡಿದರೆ ಕಳವಳ, ಮಗುವಿನ ನೆತ್ತಿಯಲ್ಲಿ ಎರಡು ಸುಳಿ ಕಂಡರೆ ನಗು. ಎರಡಕ್ಷರ ಎಲ್ಲೆಲ್ಲಿ ಹೊಕ್ಕಿದೆ ನೋಡಿ! ಕನ್ನಡ ಕಲಿಯಲು ಬಂದವರು ಇದನ್ನೆಲ್ಲ ಯಾರನ್ನು ಕೇಳಬೇಕು?

ವಿ. ಕೃಷ್ಣ ಅವರ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟಿನಂಥವನ್ನು. ಸುಮಾರು ನಾಲ್ಕು ದಶಕದ ಕೆಲಸ, ಒಬ್ಬರದೇ. 2019ರಲ್ಲಿ ಅದು ಅಂತರ್ಜಾಲಕ್ಕೆ ಬಂತು. ನೋಡಲು ಕಾಸು ಬೇಡ. ಇಡೀ ಕಣಜವನ್ನೇ ಇಳಿಸಿಕೊಂಡು ನಮ್ಮ ತಂತ್ರಾಂಶಕ್ಕೆ ತುಂಬಿಕೊಳ್ಳಲೂಬಹುದು. ಪದಗಳು 1,50,000ಕ್ಕೂ ಹೆಚ್ಚು, ಅರ್ಥಗಳು 2,40,000ಕ್ಕೂ ಹೆಚ್ಚು.

ಲಕ್ಷಗಳು ಕಣ್ಣಿಗೆ ನಿಲ್ಲುವುದಿಲ್ಲ, ಭಾಗಿಸಬೇಕು. 40 ವರ್ಷವೆಂದರೆ 14,610 ದಿನ. ದಿನಕ್ಕೆ ಹತ್ತು ಪದ, ಹದಿನಾರು ಅರ್ಥ. ಹಬ್ಬ, ಜ್ವರ, ನೆಂಟರ ಮದುವೆ ಯಾವುದಕ್ಕೂ ರಜೆ ಹಿಡಿಯದೆ. ಹತ್ತೇನು ಮಹಾ ಎಂದುಕೊಂಡು 'ಸುಳಿ' ಒಂದಕ್ಕೇ ಅರ್ಥ ಬರೆಯಲು ಕೂತೆ. ಮೂರನೆಯದು ಹೊಳೆಯುವಷ್ಟರಲ್ಲಿ ಕಾಫಿ ಆರಿಹೋಗಿತ್ತು. ಅದೇ ಮುತ್ತತ್ತಿಯಲ್ಲಿ ಸೀತೆಯ ಮೂಗುತಿಯ ಮುತ್ತು ಕಾವೇರಿಗೆ ಬಿದ್ದಾಗ ಹನುಮಂತ ಬಾಲದಿಂದ ನೀರು ಕಲಕಿ ಎತ್ತಿಕೊಟ್ಟನಂತೆ. ಅಲ್ಲಿನ ಹನುಮನಿಗೆ ಮುತ್ತೆತ್ತರಾಯ ಎಂಬ ಹೆಸರು ಹಾಗೆ ಬಂದದ್ದು. ಅವನಾದರೂ ಎತ್ತಿದ್ದು ಒಂದೇ ಮುತ್ತು.

ಹೊಳೆಯ ಮೇಲ್ದಿಕ್ಕಿನಲ್ಲಿ, ಶ್ರೀರಂಗಪಟ್ಟಣದ ಪಕ್ಕ, ಗಂಜಾಂ ಇದೆ. ಗಂಜಾಂ ವೆಂಕಟಸುಬ್ಬಯ್ಯನವರು ದುಡಿದ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟ, 9,000ಕ್ಕೂ ಹೆಚ್ಚು ಪುಟ. ಅಲ್ಲಿ ವಿದ್ವಾಂಸರ ಪಡೆಯೇ ಇತ್ತು.

ಜಪಾನಿ ಭಾಷೆ ಕಲಿಯುವವರಿಗೆ ಉಚಿತ ನಿಘಂಟಿನ ಭಾಗ್ಯ ಬಹಳ ಮೊದಲೇ ಸಿಕ್ಕಿತು. ಆಸ್ಟ್ರೇಲಿಯಾದ ಜಿಮ್ ಬ್ರೀನ್ 1991ರಲ್ಲಿ ಶುರುಮಾಡಿದ ಪಟ್ಟಿಗೆ ಎಲ್ಲೆಲ್ಲಿಯವರೋ ಕೈಜೋಡಿಸಿ, ಅದು ಈಗ ಎರಡು ಲಕ್ಷ ಪದಗಳ ಆಸುಪಾಸಿನಲ್ಲಿದೆ. ಜೊತೆಗಿರುವ ಕಾಂಜಿ ಚಿಹ್ನೆಗಳ ಪಟ್ಟಿಯಲ್ಲಿ 13,108. ನಮ್ಮ ವರ್ಣಮಾಲೆ 49ಕ್ಕೇ ಮುಗಿಯುವುದು ನೆನೆದರೆ ಅವರ ಮೇಲೆ ಕನಿಕರ ಹುಟ್ಟುತ್ತದೆ.

ಮುತ್ತೆತ್ತರಾಯನ ಗುಡಿ ಮುಂದೆ ಶನಿವಾರ ಬೆಳಿಗ್ಗೆ ಆರಕ್ಕೆ ಕೂತು, ಮೂರು ಸೆಕೆಂಡಿಗೊಂದರಂತೆ 'ಅಲರ್'ನ ಬರೀ ಪದಗಳನ್ನು ಓದತೊಡಗಿದರೆ, ಊಟ ನಿದ್ದೆ ಬಿಟ್ಟರೂ ಗುರುವಾರ ಹನ್ನೊಂದು ಗಂಟೆಯಾಗುತ್ತದೆ. ಅರ್ಥಗಳನ್ನೂ ಅದೇ ವೇಗದಲ್ಲಿ ಓದಿದರೆ, ನಡುವೆ ಒಂದು ಶನಿವಾರದ ಭಕ್ತರು ಬಂದು ಹೋಗಿರುತ್ತಾರೆ. ಮುಗಿಯುವಾಗ ಎರಡನೇ ಶುಕ್ರವಾರ, ಸಂಜೆ ಏಳು.